ಹಳೆಯ ಆವೃತ್ತಿಯ ಮೇಲಿನ ಮಮತೆ

ಗಣಕಯಂತ್ರದ ತೆರೆಯ ಮೇಲೆ ಕ್ರಿಕೆಟ್ ಆಡಿಸುವುದಕ್ಕಾಗಿ ಎಲೆಕ್ಟ್ರಾನಿಕ್ ಆರ್ಟ್ಸ್ ಎಂಬ ಅಮೆರಿಕದ ಸಂಸ್ಥೆಯು 1990ರ ದಶಕದಲ್ಲಿ ಆರಂಭಿಸಿದ ವಿಡಿಯೋ ಗೇಮ್ ಮಾಲಿಕೆಯು, ಒಂದಾದ ಮೇಲೊಂದರಂತೆ ಹಲವು ಆವೃತ್ತಿಗಳನ್ನು ಕಂಡು, 2006ರ ನವೆಂಬರಿನಲ್ಲಿ ಹೊರಬಂದ ‘ಕ್ರಿಕೆಟ್ 07’ ಎಂಬುದರೊಡನೆ ನಿಂತುಹೋಯಿತು. ಅದನ್ನು ರಚಿಸಿದವರು ಕ್ರಿಕೆಟ್ಟಿನ ಬಳಕೆ ಅತ್ಯಲ್ಪವಾಗಿರುವ ಕೆನಡಾ ದೇಶದ ಎಚ್.ಬಿ. ಸ್ಟುಡಿಯೋಸ್ ಎಂಬ ಸಂಸ್ಥೆಯವರು. ಅದು ಅಂಗಡಿಗಳಿಗೆ ಬಂದಾಗ ಭಾರತ ತಂಡಕ್ಕೆ ನಮ್ಮ ರಾಹುಲ್ ದ್ರಾವಿಡರು ನಾಯಕರಾಗಿದ್ದರು, ಇಪ್ಪತ್ತು ಓವರುಗಳ ವಿಶ್ವಕಪ್ ಪಂದ್ಯಾವಳಿ ಇನ್ನೂ ಒಮ್ಮೆಯೂ ನಡೆದಿರಲಿಲ್ಲ, ಐ.ಪಿ.ಎಲ್. ಎಂಬುದರ ಮೊತ್ತಮೊದಲ ಪಂದ್ಯವು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಡೆಯುವುದಕ್ಕೆ ಹದಿನೇಳು ತಿಂಗಳುಗಳ ಕಾಲ ಉಳಿದಿತ್ತು. ಆಮೇಲೆ ಬೇರೆ ಸಂಸ್ಥೆಗಳು, ಮುಖ್ಯವಾಗಿ ಆಸ್ಟ್ರೇಲಿಯದ ಬಿಗ್ ಆಂಟ್ ಸ್ಟುಡಿಯೋಸ್‌ನವರು, 2014ರ ‘ಡಾನ್ ಬ್ರಾಡ್‌ಮನ್ ಕ್ರಿಕೆಟ್’ ಮೊದಲ್ಗೊಂಡು ಇನ್ನೂ ಸೂಕ್ಷ್ಮವಾದ, ಇನ್ನೂ ನೈಜವಾದ ಕ್ರಿಕೆಟ್ ಆಟಗಳನ್ನು ಹೊರತಂದರು. ಆಟಗಾರನ ಮುಖದ ಬೆವರೂ ಅಂಗಿಯ ಮಡಿಕೆಯೂ ಕಾಣುವಷ್ಟು ಚಿತ್ರಣವು ಮುಂದುವರಿದರೂ, ಹಳೆಯದನ್ನು ಕೈಬಿಡದವರ ಬಳಗವು ಕರಗಲಿಲ್ಲ.

ತುಮಕೂರಿನ ಮರಳೂರಿನಲ್ಲಿ ಈ ಸಂಗತಿಯನ್ನು ಪರಿಶೀಲಿಸುವುದಕ್ಕೆ ಅನುಕೂಲವಾದ ಸನ್ನಿವೇಶವೊಂದಿದೆ. 1979ರಲ್ಲಿ ಸ್ಥಾಪಿತವಾದ ಶ್ರೀ ಸಿದ್ಧಾರ್ಥ ಇಂಜಿನಿಯರಿಂಗ್ ಕಾಲೇಜು ಅಲ್ಲಿರುವುದರಿಂದ, ಗುಬ್ಬಿ ಕುಣಿಗಲ್ಲುಗಳ ಕಡೆಯಿಂದಲೂ ಇನ್ನೂ ದೂರದ ಊರುಗಳಿಂದಲೂ ಬಂದ ಹುಡುಗರು ಹಾಸ್ಟೆಲಿನಲ್ಲೋ ಬಾಡಿಗೆಯ ರೂಮುಗಳಲ್ಲೋ ನಾಲ್ಕು ವರ್ಷ ಒಟ್ಟಿಗೆ ಬಾಳಿ, ಚದುರಿ ಹೋಗುವುದು ಅಲ್ಲಿ ಪ್ರತಿವರ್ಷದ ಕ್ರಮ. ಇಂಥ ರೂಮುಗಳಲ್ಲಿ ಸೀನಿಯರುಗಳ ಪೆನ್ ಡ್ರೈವಿನಿಂದ ಜೂನಿಯರುಗಳ ಲ್ಯಾಪ್‌ಟಾಪಿಗೆ ಪಾಠದ ನೋಟ್ಸುಗಳೊಡನೆ ಇಳಿದು ಬರುವ ಸಾಮಗ್ರಿಯಲ್ಲಿ ‘ಕ್ರಿಕೆಟ್ 07’ ಕೂಡ ಒಂದು. ಕೌಂಟರ್ ಸ್ಟ್ರೈಕ್ ಎಂಬ ಆಟದ 1.6 ಆವೃತ್ತಿಯದೂ, 2002ರ ‘ವೈಸ್ ಸಿಟಿ’ ಎಂಬ ಆಟದ್ದೂ ಇದೇ ಕಥೆ. ಹೊಸದೇಕೆ ಬೇಡವೆಂದು ಕೇಳಿದರೆ, “ಅದ್ರಲ್ಲಿ ಆ ಮಜಾ ಇಲ್ಲ ಗುರು” ಎಂಬುದಕ್ಕಿಂತ ದೀರ್ಘವಾದ ಉತ್ತರ ಸಾಮಾನ್ಯವಾಗಿ ದೊರೆಯದು. ಈ ‘ಮಜಾ’ ಎಂಬುದು ಆಟದಲ್ಲಿಯೇ ಅಡಗಿರುವ ಗುಣವೋ, ಅಥವಾ ಆಡಿದವನ ಸ್ಮೃತಿಯು ಆಟಕ್ಕೆ ಲೇಪಿಸಿದ ಬಣ್ಣವೋ ಎಂಬುದು ಕ್ಷುಲ್ಲಕವಾದ ಪ್ರಶ್ನೆಯಲ್ಲ. ಮನಶ್ಶಾಸ್ತ್ರಜ್ಞರು ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲದಿಂದ ಇದರ ಒಂದೊಂದು ಎಳೆಯನ್ನು ಬಿಡಿಸುತ್ತ ಬಂದಿದ್ದಾರೆ.

ಕಳೆದುಹೋದುದಕ್ಕಾಗಿ ಹಂಬಲಿಸುವುದನ್ನು ವೈದ್ಯಶಾಸ್ತ್ರವು ಮೊದಲು ರೋಗವೆಂದೇ ಎಣಿಸಿತ್ತು. 1688ರಲ್ಲಿ ಬಾಸೆಲ್ ನಗರದ ಯೋಹಾನೆಸ್ ಹೋಫರ್ ಎಂಬ ವೈದ್ಯವಿದ್ಯಾರ್ಥಿಯು, ಸ್ವದೇಶವನ್ನು ಬಿಟ್ಟು ದೂರದಲ್ಲಿದ್ದ ಸ್ವಿಸ್ ಜನರಲ್ಲಿ ಕಾಣುತ್ತಿದ್ದ ನಿದ್ರಾಹೀನತೆ, ಅಗ್ನಿಮಾಂದ್ಯ, ಜ್ವರ ಮೊದಲಾದುವನ್ನು ವರ್ಣಿಸಿ, ಊರಿಗೆ ಕಳುಹಿಸುವುದೇ ಅದಕ್ಕೆ ಚಿಕಿತ್ಸೆಯೆಂದು ಪ್ರಬಂಧವೊಂದನ್ನು ಬರೆದನು. ಆ ಅಭಿಪ್ರಾಯವು ಇಂದು ತಲೆಕೆಳಗಾಗಿದೆ. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಟಿಮ್ ವಿಲ್ಡ್‌ಶುಟ್, ಕಾನ್‌ಸ್ಟಂಟೀನ್ ಸೆಡಿಕಿಡಿಸ್ ಮೊದಲಾದವರು 2006ರಿಂದೀಚೆಗೆ ನಡೆಸಿದ ಪ್ರಯೋಗಗಳ ಪ್ರಕಾರ, ಏಕಾಕಿತನವು ಕಾಡಿದಾಗ ಮನಸ್ಸು ಹಳೆಯ ದಿನಗಳತ್ತ ತಿರುಗುತ್ತದೆ, ಹಾಗೆ ತಿರುಗಿದಾಗ ತನಗೂ ಜನರಿದ್ದಾರೆಂಬ ಭಾವವು ಬಲಗೊಳ್ಳುತ್ತದೆ. ಅವರು ಸಂಗ್ರಹಿಸಿದ ಸ್ಮರಣೆಗಳಲ್ಲಿ ವಸ್ತುಗಳಿಗಿಂತ ಮನುಷ್ಯರೇ ಹೆಚ್ಚಾಗಿ ಕಾಣಿಸಿಕೊಂಡರೆಂಬುದು ನಮ್ಮ ವಿಷಯಕ್ಕೆ ಬಹಳ ಮುಖ್ಯ. ‘ಕ್ರಿಕೆಟ್ 07’ ಅನ್ನು ನೆನೆಯುವವನು ಒಂದು ಕೀಲಿಮಣೆಯ ಎಡಬದಿಯನ್ನು ತಾನೂ ಬಲಬದಿಯನ್ನು ರೂಮ್‌ಮೇಟೂ ಹಂಚಿಕೊಂಡು ಕುಳಿತ ರಾತ್ರಿಗಳನ್ನು ಅದರೊಡನೆಯೇ ನೆನೆಯುತ್ತಾನೆ.

ಹಳೆಯ ಕಾಲವೆಂದರೆ ಎಲ್ಲ ಹಳೆಯ ಕಾಲವೂ ಸಮವಲ್ಲ. ನಡುವಯಸ್ಸು ದಾಟಿದವರನ್ನು ತಮ್ಮ ಬಾಳಿನ ಘಟನೆಗಳನ್ನು ಹೇಳುವಂತೆ ಕೇಳಿ, ಆಯಾ ಘಟನೆ ನಡೆದಾಗಿನ ವಯಸ್ಸಿಗೆ ಅನುಸಾರವಾಗಿ ರೇಖಾಚಿತ್ರವನ್ನು ಬರೆದರೆ, ಹತ್ತರಿಂದ ಮೂವತ್ತರ ನಡುವಣ ವರ್ಷಗಳಲ್ಲಿ ರೇಖೆಯು ದಿಬ್ಬದಂತೆ ಉಬ್ಬುತ್ತದೆ. ಡೇವಿಡ್ ರೂಬಿನ್ ಮತ್ತು ಸಂಗಡಿಗರು 1986ರಲ್ಲಿ ಸ್ಪಷ್ಟಪಡಿಸಿದ ಈ ಸ್ಮೃತಿದಿಬ್ಬಕ್ಕೆ ಕಾರಣವೇನೆಂಬುದರಲ್ಲಿ ಭಿನ್ನಾಭಿಪ್ರಾಯಗಳಿವೆ: ಮಿದುಳು ಆ ವಯಸ್ಸಿನಲ್ಲಿ ಅತ್ಯಂತ ಚುರುಕಾಗಿರುತ್ತದೆಂದು ಕೆಲವರು, ತಾನು ಯಾರೆಂಬ ಅರಿವು ಆಗಲೇ ರೂಪುಗೊಳ್ಳುತ್ತದೆಂದು ಕೆಲವರು, ಜೀವನದ ಪ್ರಥಮಾನುಭವಗಳೆಲ್ಲ ಆಗಲೇ ಒದಗುತ್ತವೆಂದು ಮತ್ತೆ ಕೆಲವರು ಹೇಳುವರು. ಈ ವಾದಗಳನ್ನು ತೂಗಲು ನೆರವಾಗುವ ಅಧ್ಯಯನವೊಂದನ್ನು ರಾಬರ್ಟ್ ಶ್ರೌಫ್ ಮತ್ತು ರೂಬಿನ್ 1998ರಲ್ಲಿ ಪ್ರಕಟಿಸಿದರು. ಸ್ಪ್ಯಾನಿಷ್ ಭಾಷೆಯ ನಾಡುಗಳಿಂದ ಅಮೆರಿಕಕ್ಕೆ ವಲಸೆ ಬಂದ ವೃದ್ಧರ ಸ್ಮರಣೆಗಳನ್ನು ಪರೀಕ್ಷಿಸಿದಾಗ, ತಡವಾಗಿ, ಮೂವತ್ತು ದಾಟಿದ ಮೇಲೆ ವಲಸೆ ಬಂದವರಲ್ಲಿ ಆ ದಿಬ್ಬವೂ ವಲಸೆಯ ವಯಸ್ಸಿನತ್ತ ಸರಿದಿತ್ತು. ಆದಕಾರಣ ಇಲ್ಲಿ ವಯಸ್ಸೊಂದೇ ನಿರ್ಣಾಯಕವಲ್ಲ. ಜೀವನವು ಒಂದು ಪಾತ್ರದಿಂದ ಮತ್ತೊಂದು ಪಾತ್ರಕ್ಕೆ ಹೊರಳುವ ಸಂಧಿಕಾಲವೂ ಸ್ಮೃತಿಯಲ್ಲಿ ಆಳವಾಗಿ ಅಚ್ಚೊತ್ತುತ್ತದೆ. ಕುಣಿಗಲ್ಲಿನ ಕಡೆಯ ಹಳ್ಳಿಯೊಂದರಿಂದ ಹಾಸಿಗೆ ಸುತ್ತಿಕೊಂಡು ಮರಳೂರಿಗೆ ಬಂದಿಳಿಯುವ ಹದಿನೆಂಟರ ಹುಡುಗನಿಗೆ ವಯಸ್ಸಿನ ದಿಬ್ಬವೂ ಸ್ಥಾನಾಂತರದ ದಿಬ್ಬವೂ ಒಂದರ ಮೇಲೊಂದು ಕೂಡಿಬರುತ್ತವೆಂದು ನಾನು ಎಣಿಸುತ್ತೇನೆ. ಆ ವರ್ಷಗಳಲ್ಲಿ ಅವನ ಎದುರಿಗೆ ಯಾವ ಆವೃತ್ತಿಯು ತೆರೆದಿತ್ತೋ ಅದೇ ಅವನಿಗೆ ಮಾಲಿಕೆಯ ಶಿಖರವಾಗಿ ಉಳಿಯುವುದರಲ್ಲಿ ಆಶ್ಚರ್ಯವಿಲ್ಲ. ಅವನ ಅಜ್ಜನ ತಲೆಮಾರಿನವರು, 1884ರಲ್ಲಿ ಹುಟ್ಟಿದ ಗುಬ್ಬಿ ನಾಟಕ ಕಂಪನಿಯ ‘ಸದಾರಮೆ’ ನಾಟಕವನ್ನು ಗುಬ್ಬಿ ವೀರಣ್ಣನವರೇ ಕಳ್ಳನ ಪಾತ್ರ ವಹಿಸಿದ ದಿನಗಳಲ್ಲಿ ನೋಡಿದವರು, ಆಮೇಲಿನ ಯಾವ ಕಳ್ಳನನ್ನೂ ಒಪ್ಪುತ್ತಿರಲಿಲ್ಲವೆಂಬುದನ್ನು ನಮ್ಮ ಜಿಲ್ಲೆಯ ಹಿರಿಯರಿಂದ ಕೇಳದವರು ವಿರಳ.

ಸ್ಮೃತಿಯು ಆರಿಸಿಕೊಳ್ಳುವುದರ ಜೊತೆಗೆ ಸೋಸುವುದನ್ನೂ ಬಲ್ಲದು. ಟೆರೆನ್ಸ್ ಮಿಚೆಲ್, ಲೀ ಥಾಮ್ಸನ್ ಮೊದಲಾದವರು 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕ್ಯಾಲಿಫೋರ್ನಿಯದಲ್ಲಿ ಮೂರು ವಾರ ಸೈಕಲ್ ಪ್ರವಾಸ ಮಾಡಿದ ಗುಂಪೊಂದಿತ್ತು. ಪ್ರವಾಸದ ನಡುವೆ ಅವರು ಕೊಟ್ಟ ಅಭಿಪ್ರಾಯಕ್ಕಿಂತ ಮುಗಿದ ಮೇಲೆ ಕೊಟ್ಟ ಅಭಿಪ್ರಾಯವು ಹೆಚ್ಚು ಅನುಕೂಲವಾಗಿತ್ತು. ಅಪ್ರಿಯ ಘಟನೆಗಳಿಗೆ ಅಂಟಿಕೊಂಡಿದ್ದ ಭಾವದ ತೀವ್ರತೆಯು, ಪ್ರಿಯ ಘಟನೆಗಳದಕ್ಕಿಂತ ಬೇಗನೆ ಮಾಸುತ್ತದೆಂಬುದನ್ನೂ ಹಲವು ಪ್ರಯೋಗಗಳು ತೋರಿಸಿವೆ. ಆಟದ ನಡುವೆ ಕಂಪ್ಯೂಟರು ಹ್ಯಾಂಗ್ ಆದದ್ದು, ಟೆಸ್ಟ್ ಪಂದ್ಯದ ನಾಲ್ಕನೆಯ ದಿನ ಕರೆಂಟು ಹೋಗಿ ಸೇವ್ ಮಾಡದ ಶತಕವು ಅಳಿಸಿಹೋದದ್ದು, ಇವೆಲ್ಲ ಅಂದು ಸಂಕಟವೇ ಆಗಿದ್ದರೂ, ಇಂದು ಅವುಗಳ ಕಹಿಯು ಉಳಿದಿಲ್ಲ.

ಇಷ್ಟರವರೆಗೆ ಹೇಳಿದುದು ನೆನಪಿನ ಮಾತು. ಕೈಯ ಮಾತು ಬೇರೆ, ಅದಕ್ಕೆ ಸಲ್ಲಬೇಕಾದ ಗಮನ ಸಂದಿಲ್ಲ. ಅಮೆರಿಕದ ಹೆನ್ರಿ ಮೊಲೈಸನ್ ಎಂಬಾತನಿಗೆ ಅಪಸ್ಮಾರವನ್ನು ತಡೆಯುವುದಕ್ಕಾಗಿ 1953ರಲ್ಲಿ ಶಸ್ತ್ರಚಿಕಿತ್ಸೆ ಮಾಡಿ, ಮಿದುಳಿನ ಎರಡು ಪಾರ್ಶ್ವಗಳಿಂದಲೂ ಹಿಪೊಕ್ಯಾಂಪಸ್ ಎಂಬ ಅಂಗದ ಬಹುಭಾಗವನ್ನು ತೆಗೆದರು. ಆ ಬಳಿಕ ಅವನಿಗೆ ಹೊಸ ಘಟನೆಯಾವುದೂ ನೆನಪಿನಲ್ಲಿ ನಿಲ್ಲದಾಯಿತು. ಆದರೆ ಬ್ರೆಂಡಾ ಮಿಲ್ನರ್ ಎಂಬ ವಿದುಷಿಯು, ಕನ್ನಡಿಯಲ್ಲಿ ಮಾತ್ರ ಕೈಯನ್ನು ನೋಡುತ್ತ ನಕ್ಷತ್ರಾಕೃತಿಯ ಅಂಚನ್ನು ಪೆನ್ಸಿಲಿನಿಂದ ಅನುಸರಿಸುವ ಕೆಲಸವನ್ನು ಅವನಿಗೆ ದಿನದಿನವೂ ಕೊಟ್ಟಾಗ, ಹಿಂದೆ ಅದನ್ನು ಮಾಡಿದ್ದೆನೆಂಬ ಅರಿವೇ ಇಲ್ಲದಿದ್ದರೂ ಅವನ ಕೈಯು ದಿನೇ ದಿನೇ ನುರಿತು ತಪ್ಪುಗಳು ಕಡಮೆಯಾದುವು. ಘಟನೆಯ ಸ್ಮೃತಿಯೂ ಕೌಶಲದ ಸ್ಮೃತಿಯೂ ಮಿದುಳಿನ ಬೇರೆ ಬೇರೆ ವ್ಯವಸ್ಥೆಗಳನ್ನು ಅವಲಂಬಿಸಿವೆಯೆಂಬುದು ಹೀಗೆ ಸಿದ್ಧವಾಯಿತು. ಚೆಂಡು ಎಸೆಗಾರನ ಕೈಬಿಟ್ಟು ಬ್ಯಾಟಿಗೆ ತಲುಪುವಷ್ಟರಲ್ಲಿ ಯಾವ ದಿಕ್ಕಿಗೆ, ನೆಲದ ಮೇಲೋ ಗಾಳಿಯಲ್ಲೋ, ಯಾವ ಕ್ಷಣದಲ್ಲಿ ಹೊಡೆಯಬೇಕೆಂಬುದನ್ನು ಸಾವಿರಾರು ಸಲ ಅಭ್ಯಾಸ ಮಾಡಿದ ಬೆರಳುಗಳಿಗೆ ಆ ಕಾಲಮಾನವು ಆಲೋಚನೆಯಿಲ್ಲದೆ ಒದಗುತ್ತದೆ. ಹೊಸ ಆಟದಲ್ಲಿ ಕೀಲಿಗಳ ವಿನ್ಯಾಸವೂ ಹೊಡೆತದ ಕಾಲಮಾನವೂ ಬದಲಾಗಿರುವುದರಿಂದ, ಹತ್ತು ವರ್ಷ ನುರಿತವನು ಒಮ್ಮೆಗೇ ಕಲಿಕೆಯವನಾಗಿಬಿಡುತ್ತಾನೆ. ‘ಮಜಾ ಇಲ್ಲ’ ಎಂಬ ದೂರಿನ ಬಹುಭಾಗವು ಈ ನೈಪುಣ್ಯದ ನಷ್ಟವೇ ಎಂದು ನನಗೆ ತೋರುತ್ತದೆ. ಅಂಥವನನ್ನು ಭಾವುಕನೆಂದು ತಳ್ಳಿಹಾಕುವುದು ಅನ್ಯಾಯ. ಅವನು ಕಳೆದುಕೊಂಡಿರುವುದು ನಿಜವಾದ ಸ್ವತ್ತು.

ಹಳೆಯ ಯಂತ್ರಗಳ ಭೌತಧರ್ಮವೂ ಇಲ್ಲಿ ಪಾಲುಗೊಂಡಿದೆ. ನಮ್ಮ ಮನೆಗಳಿಗೆ 1990ರ ದಶಕದಲ್ಲಿ ಬಂದ, ಟಿ.ವಿ.ಗೆ ಜೋಡಿಸಿ ಕ್ಯಾಸೆಟ್ ಹಾಕಿ ಆಡುತ್ತಿದ್ದ ಅಗ್ಗದ ವಿಡಿಯೋ ಗೇಮುಗಳು ಬಹುಮಟ್ಟಿಗೆ ಜಪಾನಿನ ನಿಂಟೆಂಡೋ ಸಂಸ್ಥೆಯು 1983ರಲ್ಲಿ ಹೊರತಂದ ‘ಫ್ಯಾಮಿಲಿ ಕಂಪ್ಯೂಟರ್’ ಎಂಬುದರ ನಕಲುಗಳು. 1985ರ ‘ಸೂಪರ್ ಮಾರಿಯೋ ಬ್ರದರ್ಸ್’ ಇಡೀ ಆಟವು 40 ಕಿಲೋಬೈಟುಗಳೊಳಗೆ ಅಡಗಬೇಕಾಗಿದ್ದುದರಿಂದ, ಅದರಲ್ಲಿ ಆಕಾಶದ ಮೋಡಕ್ಕೂ ನೆಲದ ಪೊದೆಗೂ ಒಂದೇ ಆಕೃತಿಯನ್ನು ಬಣ್ಣ ಬದಲಿಸಿ ಬಳಸಿದರು. ಆ ಚಿತ್ರಗಳನ್ನು ರಚಿಸಿದವರ ಕಣ್ಣೆದುರಿಗಿದ್ದುದು ಪಿಕ್ಚರ್ ಟ್ಯೂಬಿನ ಟಿ.ವಿ. ಅದರಲ್ಲಿ ಎಲೆಕ್ಟ್ರಾನುಗಳ ಕಿರಣವು ಗಾಜಿನ ಒಳಮೈಯ ರಂಜಕಲೇಪವನ್ನು ಸಾಲುಸಾಲಾಗಿ ಬೆಳಗುತ್ತ ಹೋಗುವಾಗ ಒಂದು ಚುಕ್ಕೆಯ ಅಂಚು ಪಕ್ಕದ ಚುಕ್ಕೆಯೊಳಗೆ ಕರಗಿ ಆಕೃತಿಗಳು ದುಂಡಗಾಗುತ್ತಿದ್ದುವು. ಇಂದಿನ ಚಪ್ಪಟೆ ತೆರೆಯು ಪ್ರತಿಯೊಂದು ಚುಕ್ಕೆಯನ್ನೂ ಹರಿತವಾದ ಚೌಕವಾಗಿ ತೋರಿಸುತ್ತದೆ. ಇದಲ್ಲದೆ, ಹಳೆಯ ಟಿ.ವಿ.ಯು ಬಂದ ಸಂಕೇತವನ್ನು ಬಂದಂತೆಯೇ ಬೆಳಕಾಗಿಸುತ್ತಿತ್ತು. ಈಗಿನ ಅನೇಕ ಟಿ.ವಿ.ಗಳು ಚಿತ್ರವನ್ನು ಹಿಡಿದಿಟ್ಟು ಸಂಸ್ಕರಿಸಿ ತೋರಿಸುವುದರಿಂದ, ಗುಂಡಿಯನ್ನು ಒತ್ತಿದುದಕ್ಕೂ ಮಾರಿಯೋ ಹಾರುವುದಕ್ಕೂ ನಡುವೆ ಹಲವು ಮಿಲಿಸೆಕೆಂಡುಗಳ ವಿಳಂಬವು ಸೇರುತ್ತದೆ. ಅದೇ ಹಳೆಯ ಆಟವನ್ನು ಹೊಸ ಟಿ.ವಿ.ಯಲ್ಲಿ ಆಡಿದವರು “ಅಂದಿನ ಹಾಗಿಲ್ಲ” ಎಂದರೆ, ಅದು ಅಳತೆಗೆ ಸಿಕ್ಕುವ ಸತ್ಯ.

ಹಾಗಾದರೆ ‘ಕ್ರಿಕೆಟ್ 07’ರ ಮೇಲಿನ ಮಮತೆಯಲ್ಲಿ ಆಟದ ಪಾಲೆಷ್ಟು, ಆಡಿದವನ ಪಾಲೆಷ್ಟು? ಇದನ್ನು ಬೇರ್ಪಡಿಸುವುದಕ್ಕೆ ಉತ್ತಮ ಸಾಕ್ಷಿಯೆಂದರೆ ಆ ಆಟ ಹೊರಬಂದಾಗ ಇನ್ನೂ ತೊಟ್ಟಿಲಲ್ಲಿದ್ದು, ಇಂದು ಇಂಜಿನಿಯರಿಂಗ್ ಓದುತ್ತ ಅದನ್ನೇ ಆಡುವ ಯುವಕ. ಅವನಿಗೆ 2006ರ ಸ್ಮೃತಿಯಿಲ್ಲ. ಆದಕಾರಣ ಅವನ ಪ್ರೀತಿಗೆ ಸ್ಮೃತಿದಿಬ್ಬವು ಕಾರಣವಾಗಲಾರದು. ಆದರೆ ಈ ಸಾಕ್ಷಿಯನ್ನೂ ಪೂರ್ತಿ ನಿಷ್ಪಕ್ಷಪಾತಿಯೆನ್ನುವಂತಿಲ್ಲ. ಕಾರ್ನೆಲ್ ವಿಶ್ವವಿದ್ಯಾಲಯದ ಕ್ಯಾರಲ್ ಕ್ರಮ್‌ಹ್ಯಾನ್ಸಲ್ ಅವರು ಜಸ್ಟಿನ್ ಝುಪ್ನಿಕ್ ಜೊತೆಗೂಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 1955ರಿಂದ 2009ರವರೆಗಿನ ಜನಪ್ರಿಯ ಗೀತೆಗಳನ್ನು ಕಾಲೇಜು ವಯಸ್ಸಿನವರಿಗೆ ಕೇಳಿಸಿದಾಗ, ಅವರು ತಮ್ಮ ಕಾಲದ ಹಾಡುಗಳ ಜೊತೆಗೆ ತಮ್ಮ ತಂದೆತಾಯಿಗಳ ಯೌವನದ ಹಾಡುಗಳಿಗೂ ವಿಶೇಷವಾದ ಒಲವನ್ನು ತೋರಿದರು. ಮಮತೆಯು ಮನೆಯೊಳಗೆ ದಾಯವಾಗಿ ಇಳಿದು ಬರುವುದುಂಟು. ಮರಳೂರಿನ ಜೂನಿಯರಿಗೆ ಆಟದೊಡನೆ ಸೀನಿಯರಿನ ಹೊಗಳಿಕೆಯೂ, ಊರಿನ ಅಣ್ಣನ ಕಥೆಗಳೂ ಪೆನ್ ಡ್ರೈವಿನ ಜೊತೆಗೇ ತಲುಪಿರುತ್ತವೆ.

ಆದರೂ ದಾಯದಿಂದಲೇ ಎಲ್ಲವೂ ನಡೆಯುವುದಾಗಿದ್ದರೆ, ಅದೇ ಮಾಲಿಕೆಯ ಹಿಂದಿನ ಆವೃತ್ತಿಗಳೂ ಹೀಗೆಯೇ ಉಳಿಯಬೇಕಾಗಿತ್ತು. ‘ಕ್ರಿಕೆಟ್ 2002’ ಅನ್ನು ಯಾರೂ ಯಾರಿಗೂ ದಾಟಿಸುತ್ತಿರುವಂತೆ ಕಾಣದು. ‘07’ರಲ್ಲಿ ಹಿಂದಿನವುಗಳಲ್ಲಿಲ್ಲದ ಸಮತೋಲನವಿತ್ತು. ಅಲ್ಲದೆ ಅದು ಗ್ರಾಫಿಕ್ಸ್ ಕಾರ್ಡಿಲ್ಲದ ಹಳೆಯ ಸಿಸ್ಟಮ್ಮುಗಳಲ್ಲಿಯೂ ತಡೆಯಿಲ್ಲದೆ ಓಡುತ್ತಿತ್ತು. ನಮ್ಮಂಥ ಊರುಗಳಲ್ಲಿ ಒಂದು ಆಟದ ಆಯುಸ್ಸನ್ನು ನಿರ್ಧರಿಸುವುದು ಇದೇ. ಎಲ್ಲಕ್ಕಿಂತ ಮಿಗಿಲಾಗಿ, ಅದರ ಕಡತಗಳನ್ನು ಬಿಚ್ಚಿ ತಿದ್ದಬಹುದೆಂಬುದನ್ನು ಅಭಿಮಾನಿಗಳು ಕಂಡುಕೊಂಡರು. ಆಟಗಾರರ ಹೆಸರು, ಮುಖ, ಉಡುಪು, ಕ್ರೀಡಾಂಗಣ, ಅಂಕಫಲಕಗಳನ್ನು ಬದಲಿಸುವ ‘ಪ್ಯಾಚ್’ಗಳು ಋತುವಿನಿಂದ ಋತುವಿಗೆ ಬರತೊಡಗಿ, ಹುಟ್ಟುವಾಗ ಐ.ಪಿ.ಎಲ್. ಎಂಬುದನ್ನೇ ಅರಿಯದ ಆಟದೊಳಗೆ ಬೆಂಗಳೂರು ತಂಡದ ಕೆಂಪಂಗಿಯವರು ಆಡಲಾರಂಭಿಸಿದರು. ಹಣವನ್ನು ಬಯಸದೆ, ಪರೀಕ್ಷೆಯ ನಡುವಣ ರಾತ್ರಿಗಳಲ್ಲಿ ಕುಳಿತು ಅಂಗಿಯ ಮೇಲಿನ ಲಾಂಛನವನ್ನು ಚುಕ್ಕೆಚುಕ್ಕೆಯಾಗಿ ತಿದ್ದಿದ ಆ ಹುಡುಗರ ಕೆಲಸವನ್ನು ನಾನು ಕುಶಲಕಲೆಯೆಂದೇ ಗೌರವಿಸುತ್ತೇನೆ. ‘ಹಳೆಯ ಆವೃತ್ತಿ’ಯೆಂದು ನಾವು ಕರೆಯುವುದು, ಈ ದೃಷ್ಟಿಯಿಂದ ನೋಡಿದರೆ, ಸುಮಾರು ಎರಡು ದಶಕಗಳಷ್ಟು ಕಾಲ ಅನಾಮಿಕರ ಕೈಯಲ್ಲಿ ಪರಿಷ್ಕಾರಗೊಳ್ಳುತ್ತ ಬಂದ ಆಟ. ಅದರ ಶ್ರೇಷ್ಠತೆಯಲ್ಲಿ ನೆನಪಿನ ಪಾಲು ಇದೆ, ಕೈಯ ಅಭ್ಯಾಸದ ಪಾಲು ಇದೆ, ಆದರೆ ದುಡಿಮೆಯ ಪಾಲು ನಾವೆಣಿಸಿದುದಕ್ಕಿಂತ ದೊಡ್ಡದು.

ಈ ದುಡಿಮೆಯು ಉಳಿಯುವ ಭರವಸೆಯಿಲ್ಲವೆಂಬುದು ನನ್ನ ಚಿಂತೆ. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, 2010ಕ್ಕಿಂತ ಮೊದಲು ಆ ದೇಶದಲ್ಲಿ ಬಿಡುಗಡೆಯಾದ ಆಟಗಳಲ್ಲಿ ನೂರಕ್ಕೆ 87 ಆಗ ಮಾರಾಟದಲ್ಲಿರಲಿಲ್ಲ. ಆಟಗಾರರ ಹೆಸರು, ಸಂಗೀತ, ಲಾಂಛನಗಳ ಹಕ್ಕಿನ ಅವಧಿ ಮುಗಿದ ಕ್ರೀಡಾ ಆಟಗಳನ್ನು ಮರುಮಾರಾಟ ಮಾಡುವುದು ಪ್ರಕಾಶಕರಿಗೆ ಮತ್ತಷ್ಟು ಕಷ್ಟ. ಆ ಕಾಲದ ಅನೇಕ ಸಿ.ಡಿ.ಗಳಲ್ಲಿದ್ದ ನಕಲು-ತಡೆ ವ್ಯವಸ್ಥೆಯನ್ನು 2015ರಲ್ಲಿ ಬಂದ ವಿಂಡೋಸ್ 10 ಸ್ವೀಕರಿಸದಾದುದರಿಂದ, ಕಾಸು ಕೊಟ್ಟು ಕೊಂಡ ಸಿ.ಡಿ.ಯೂ ಹೊಸ ಯಂತ್ರದಲ್ಲಿ ಮೂಕವಾಗಿ ಕುಳಿತ ನಿದರ್ಶನಗಳಿವೆ. ಮರಳೂರಿನಂಥ ಕಡೆ ಇಂಜಿನಿಯರಿಂಗ್ ಕಾಲೇಜುಗಳ ಕಂಪ್ಯೂಟರ್ ವಿಭಾಗಗಳು ಪಿಕ್ಚರ್ ಟ್ಯೂಬಿನ ಮಾನಿಟರಿನೊಡನೆ ಹಳೆಯ ಸಿಸ್ಟಮ್ಮೊಂದನ್ನು ಸುಸ್ಥಿತಿಯಲ್ಲಿಟ್ಟು, ಈ ಆಟಗಳನ್ನೂ ಸಿಕ್ಕಿದಷ್ಟು ಪ್ಯಾಚ್‌ಗಳನ್ನೂ ಅವು ಹುಟ್ಟಿದ ವರ್ಷದೊಡನೆ ದಾಖಲಿಸಿಡುವುದು ದುಬಾರಿಯ ಕೆಲಸವಲ್ಲ. ಒಂದು ಬೀರು, ಒಂದು ರಿಜಿಸ್ಟರು, ಆಸಕ್ತಿಯುಳ್ಳ ಇಬ್ಬರು ವಿದ್ಯಾರ್ಥಿಗಳಿದ್ದರೆ ಈ ವರ್ಷವೇ ತೊಡಗಬಹುದು.