ಮೂರು ದೋಣಿಗಳ ವಿಜಯಿನಿ

ನಮ್ಮೂರು ಗೊರೂರು. ಹೇಮಾವತಿಯ ದಡದಲ್ಲಿ ಬೆಳೆದ ನನಗೆ ಹರಿಗೋಲಿನ ಪರಿಚಯ ಚಿಕ್ಕಂದಿನದು. ಕಳೆದ ಬೇಸಗೆಯ ರಜೆಯಲ್ಲಿ, ಜಲಾಶಯದಲ್ಲಿ ಮೀನು ಹಿಡಿಯುವ ಪರಿಚಿತರೊಬ್ಬರ ಹರಿಗೋಲನ್ನೇರಿ ನಾನೇ ಹುಟ್ಟು ಹಾಕಿದೆ. ಅದು ಮುಂದೆ ಹೋಗದೆ ಬುಗುರಿಯಂತೆ ನಿಂತಲ್ಲೇ ಸುತ್ತಿತು. ಜೊತೆಗಿದ್ದ ಗೆಳತಿಯೂ ಇನ್ನೊಂದು ಹುಟ್ಟು ಹಿಡಿದಳು. ಸುತ್ತು ಮತ್ತಷ್ಟು ಹೆಚ್ಚಿತು! ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ಅಜ್ಜಿಯೊಬ್ಬರು, “ಹೆಣ್ಣೈಕ್ಳಿಗ್ಯಾಕವ್ವಾ ಹುಟ್ಟು ಹಾಕೋ ಕೆಲ್ಸ?” ಎಂದು ನಕ್ಕರು. ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಹಂಗೇರಿ ದೇಶದ ಡಾನುತಾ ಕೊಜಾಕ್ ಅವರ ವೃತ್ತಾಂತವನ್ನು ಓದಿದ ಮೇಲೆ ಉತ್ತರ ದೊರಕಿತು. ಅದನ್ನೇ ಇಲ್ಲಿ ವಾಚಕರ ಮುಂದಿಡುತ್ತಿದ್ದೇನೆ.

ನಮ್ಮ ಹಾಸನ ಜಿಲ್ಲೆಯಂತೆ ಹಂಗೇರಿಗೂ ಸಮುದ್ರತೀರವಿಲ್ಲ. ಅಲ್ಲಿರುವುದು ಡ್ಯಾನ್ಯೂಬ್ ಮೊದಲಾದ ನದಿಗಳು, ಸರೋವರಗಳು. ಆದರೂ ದೋಣಿಯ ಪಂದ್ಯಗಳಲ್ಲಿ ಆ ಪುಟ್ಟ ದೇಶ ಜಗತ್ತಿನ ಮುಂಚೂಣಿಯಲ್ಲಿದೆ. ಕೊಜಾಕ್ ಅವರು 1987ರಲ್ಲಿ ಅದರ ರಾಜಧಾನಿ ಬುಡಾಪೆಸ್ಟ್ ನಗರದಲ್ಲಿ ಜನಿಸಿದರು.

ಅವರು ನಡೆಸುವ ಕಯಾಕ್ ಎಂಬ ದೋಣಿ ಹರಿಗೋಲಿನಂತೆ ಗುಂಡಗಿಲ್ಲ, ನುಗ್ಗೆಕಾಯಿಯಂತೆ ನೀಳವಾದುದು. ಪಂದ್ಯದ ನಿಯಮದಂತೆ ಒಬ್ಬರ ದೋಣಿಯ ಉದ್ದ 5.2 ಮೀಟರು ಮೀರಬಾರದು, ತೂಕ 12 ಕಿಲೋಗ್ರಾಂಗೆ ಕಡಿಮೆಯಿರಬಾರದು. ನಾಲ್ವರ ದೋಣಿಗೆ ಇವು 11 ಮೀಟರು ಮತ್ತು 30 ಕಿಲೋಗ್ರಾಂ. ಮುಂದಕ್ಕೆ ಮುಖಮಾಡಿ ಕುಳಿತು, ಎರಡೂ ತುದಿಗಳಲ್ಲಿ ಅಲಗಿರುವ ಹುಟ್ಟನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಎಳೆಯಬೇಕು. ಇಬ್ಬರೋ ನಾಲ್ವರೋ ಕುಳಿತಾಗ, ಮುಂದೆ ಕುಳಿತವರ ಲಯಕ್ಕೆ ಹಿಂದಿನವರೆಲ್ಲರ ಹುಟ್ಟುಗಳೂ ಒಟ್ಟಿಗೆ ನೀರಿಗಿಳಿಯಬೇಕು. ಬಲಶಾಲಿಯಾದವಳು ತನ್ನ ಪಾಡಿಗೆ ತಾನು ಆತುರಪಟ್ಟರೆ ದೋಣಿಯ ವೇಗ ಕುಗ್ಗುತ್ತದೆ. ಆದುದರಿಂದ ಒಂಟಿಯಾಗಿ ಗೆಲ್ಲುವುದು ಒಂದು ವಿದ್ಯೆ, ಕೂಡಿ ಗೆಲ್ಲುವುದು ಇನ್ನೊಂದು ವಿದ್ಯೆ.

ಕೊಜಾಕ್ ಎರಡನ್ನೂ ಕಲಿತರು. 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ, 21ರ ವಯಸ್ಸಿನಲ್ಲಿ, ನಾಲ್ವರ ದೋಣಿಯಲ್ಲಿ ಬೆಳ್ಳಿಯ ಪದಕ ಪಡೆದರು. 2012ರ ಲಂಡನ್ನಿನಲ್ಲಿ ನಾಲ್ವರ ದೋಣಿಯಲ್ಲಿಯೂ ಒಬ್ಬರ ದೋಣಿಯಲ್ಲಿಯೂ ಚಿನ್ನ ಗೆದ್ದರು. 2016ರಲ್ಲಿ ರಿಯೋ ನಗರದ ಸರೋವರದಲ್ಲಿ ಒಬ್ಬರ, ಇಬ್ಬರ, ನಾಲ್ವರ ದೋಣಿಗಳ 500 ಮೀಟರು ಪಂದ್ಯಗಳು ಮೂರನ್ನೂ ಗೆದ್ದರು. ಒಂದೇ ಒಲಿಂಪಿಕ್ಸಿನಲ್ಲಿ ಈ ಮೂರನ್ನೂ ಗೆದ್ದ ಮೊದಲ ಮಹಿಳೆ ಇವರೇ. ಇಬ್ಬರ ದೋಣಿಯಲ್ಲಿ ಜೊತೆಯಾದವರು ಗಾಬ್ರಿಯೆಲಾ ಸಾಬೊ. ಮುಂದೆ ತಾಯಿಯಾದ ಕೊಜಾಕ್ ಮನೆಯಲ್ಲೇ ಉಳಿಯಲಿಲ್ಲ. 2021ರಲ್ಲಿ ಟೋಕಿಯೋದಲ್ಲಿ, 34ರ ವಯಸ್ಸಿನಲ್ಲಿ, ನಾಲ್ವರ ದೋಣಿಯಲ್ಲಿ ಮತ್ತೆ ಚಿನ್ನವನ್ನೂ ಇಬ್ಬರದರಲ್ಲಿ ಕಂಚನ್ನೂ ಪಡೆದರು. ಹೀಗೆ ನಾಲ್ಕು ಒಲಿಂಪಿಕ್ಸುಗಳಲ್ಲಿ ಅವರಿಗೆ ದೊರೆತ ಪದಕಗಳು 8. ಅವುಗಳಲ್ಲಿ ಚಿನ್ನವೇ 6. ಒಂಟಿಯಾಗಿ ಗೆದ್ದ ಚಿನ್ನ ಎರಡು. ಉಳಿದ ನಾಲ್ಕೂ ಸಂಗಡಿಗರೊಡನೆ ಹಂಚಿಕೊಂಡವು.

ಮಹಿಳೆಯರ ಕಯಾಕ್ ಪಂದ್ಯ ಒಲಿಂಪಿಕ್ಸನ್ನು ಸೇರಿದ್ದು 1948ರಲ್ಲಿ. ಹೆಣ್ಣಿಗೆ ಹುಟ್ಟು ಯಾಕೆಂಬ ಪ್ರಶ್ನೆಗೆ ಜಗತ್ತು ಅಂದೇ ಉತ್ತರ ಕೊಟ್ಟಿದೆ. ಗೊರೂರಿಗೆ ಅದು ತಲಪುವುದು ತುಸು ತಡವಾಯಿತು, ಅಷ್ಟೆ.

ದಸರೆಯ ರಜೆಯಲ್ಲಿ ನಾನೂ ನನ್ನ ಗೆಳತಿಯೂ ಮತ್ತೆ ಆ ಹರಿಗೋಲನ್ನೇರಿದೆವು. ಈ ಸಲ ಇಬ್ಬರೂ “ಒಂದು, ಎರಡು” ಎಂದು ಎಣಿಸುತ್ತ, ಎದುರು ಬದುರು ಬದಿಗಳಲ್ಲಿ ಒಟ್ಟಿಗೇ ಹುಟ್ಟು ಹಾಕಿದೆವು. ಹರಿಗೋಲು ಸ್ವಲ್ಪ ಓಲಾಡಿತಾದರೂ ದಡ ಸೇರಿತು. ಅಜ್ಜಿ ಅಲ್ಲಿಯೇ ಇದ್ದರು. ಈ ಬಾರಿ ಪ್ರಶ್ನೆ ಕೇಳಲಿಲ್ಲ. ಬಟ್ಟೆಯ ಗಂಟನ್ನು ಹರಿಗೋಲಿಗಿಟ್ಟು, “ಆಚೆ ದಡಕ್ಕೆ ಬಿಟ್ಬಿಡ್ರವ್ವಾ” ಎಂದರು.