ಬ್ರೆಜಿಲ್ ದೇಶದಲ್ಲಿ ನಾವು ಕಂಡದ್ದು

ಕಾಫಿ ಧಾರಣೆ ಏರಿದರೂ ಇಳಿದರೂ ನಮ್ಮಲ್ಲಿ ಮೊದಲು ಕೇಳಿಬರುವ ಮಾತು, "ಬ್ರೆಜಿಲಿನಲ್ಲಿ ಈ ಸಲ ಫಸಲು ಹೇಗಂತೆ?" ಎಂಬುದೇ. ಆ ದೇಶವನ್ನು ಕಣ್ಣಾರೆ ಕಾಣುವ ಸುಯೋಗ ನಮಗೆ ಒದಗಿತು. ಅಲ್ಲಿಯವರು ನೆರಳಿಲ್ಲದೆ ಅಷ್ಟೊಂದು ಬೆಳೆಯುತ್ತಾರಲ್ಲ, ನಾವೂ ಮರ ತೆಗೆದರೆ ಹೇಗೆ ಎಂಬ ಚರ್ಚೆ ಸದಸ್ಯ ಬಂಧುಗಳ ನಡುವೆ ಆಗಾಗ ನಡೆಯುತ್ತದೆ. ಆ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ತಿರುಗಾಡಿದೆವು.

ಬ್ರೆಜಿಲಿನ ವಿಸ್ತೀರ್ಣ ಸುಮಾರು 85 ಲಕ್ಷ ಚದರ ಕಿಲೋಮೀಟರ್. ಭಾರತದ ಎರಡೂವರೆ ಪಟ್ಟಿಗೂ ಮಿಗಿಲು. ಉತ್ತರದಲ್ಲಿ ಅಮೆಜಾನ್ ಕಾಡು, ನಡುವೆ ಸೆರಾಡೊ ಎಂಬ ಕುರುಚಲು ಬಯಲು, ಪೂರ್ವ ಕರಾವಳಿಗೆ ಸಮೀಪ ನಮ್ಮ ಘಟ್ಟಗಳನ್ನು ನೆನಪಿಸುವ ಅಟ್ಲಾಂಟಿಕ್ ಕಾಡು. ಮೂಲನಿವಾಸಿಗಳು, ಪೋರ್ಚುಗೀಸರು, ಆಫ್ರಿಕದಿಂದ ಗುಲಾಮರಾಗಿ ಬಂದವರು, ಕಾಫಿ ತೋಟದ ಕೆಲಸಕ್ಕೆಂದು ಇಟಲಿ, ಜಪಾನುಗಳಿಂದ ಬಂದವರು, ಹೀಗೆ ನಾನಾ ಮೂಲದ ಜನ ಅಲ್ಲಿದ್ದಾರೆ. ಸಂತೆಗೆ ಹೋದರೆ ಪರದೇಶವೆನಿಸದು. ಗೇರು, ಅನಾನಸು ಪೋರ್ಚುಗೀಸರ ಹಡಗಿನಲ್ಲಿ ಆ ಕಡೆಯಿಂದ ಬಂದವು. ಮಾವು, ಹಲಸು ಈ ಕಡೆಯಿಂದ ಹೋದವು. ಬಯಲಿನಲ್ಲಿ ಮೇಯುವ ಬಿಳಿ ದನಗಳು ಸಹ ನಮ್ಮ ನೆಲ್ಲೂರಿನ ಹೆಸರು ಹೊತ್ತ 'ನೆಲೋರೆ' ತಳಿಯವು.

ದೇಶದ ಕಾಫಿಯಲ್ಲಿ ಹೆಚ್ಚುಕಡಿಮೆ ಅರ್ಧ ಪಾಲು ಮಿನಾಸ್ ಜೆರೈಸ್ ರಾಜ್ಯದ್ದು. ಅಲ್ಲಿನ ಸೆರಾಡೊ ಬಯಲಿನಲ್ಲಿ ಕಣ್ಣು ಹಾಯುವವರೆಗೂ ಕಾಫಿ ಸಾಲುಗಳು, ಮರವೊಂದೂ ಇಲ್ಲ. ಸಾಲಿನ ಮೇಲೆ ಯಂತ್ರ ಹಾದುಹೋದರೆ ಹಣ್ಣು, ಕಾಯಿ ಎಲ್ಲವೂ ಉದುರುತ್ತವೆ. ಆದರೆ ಚಿಂತೆ ಅವರಿಗೂ ತಪ್ಪಿದ್ದಲ್ಲ. ನಾವು ಹೂಮಳೆಗೆ ಆಕಾಶ ನೋಡುವಂತೆ ಅವರು ಜುಲೈ ತಿಂಗಳ ಹಿಮಕ್ಕೆ ಹೆದರುತ್ತಾರೆ. 1975ರ ಜುಲೈನಲ್ಲಿ ಬಿದ್ದ ಹಿಮದಿಂದ ಪರಾನಾ ರಾಜ್ಯದ ತೋಟಗಳು ಸುಟ್ಟು ಕರಕಾದವು. 2021ರಲ್ಲೂ ಹಿಮ ಬಿದ್ದು ಅಪಾರ ನಷ್ಟವಾಯಿತು.

ಇನ್ನು ರಿಯೊ ನಗರದ ಮಾತು. ಏಸುಕ್ರಿಸ್ತನ ಪ್ರಸಿದ್ಧ ಪ್ರತಿಮೆ ನಿಂತಿರುವ ಬೆಟ್ಟವನ್ನು ಆವರಿಸಿರುವುದು ಟಿಜೂಕ ಕಾಡು. ದಟ್ಟ ನೆರಳು, ಝರಿಗಳು, ನಡುನಡುವೆ ನಮ್ಮದೇ ಹಲಸಿನ ಮರಗಳು! ಅನಾದಿ ಕಾಡೆಂದೇ ಭಾವಿಸಿದ್ದೆವು. ವಿಚಾರಿಸಿದಾಗ ತಿಳಿದದ್ದು ಬೇರೆ. ಈ ಗುಡ್ಡಗಳ ಬಹುಭಾಗ ಒಂದು ಕಾಲಕ್ಕೆ ಕಾಫಿ ತೋಟವಾಗಿತ್ತು. ಮರ ಕಡಿದು ಬೋಳು ಇಳಿಜಾರಿನಲ್ಲಿ ಕಾಫಿ ಹಾಕಿದರು. ಮಣ್ಣು ಕೊಚ್ಚಿಹೋಯಿತು, ತೊರೆಗಳು ಬತ್ತಿ ನಗರಕ್ಕೆ ಕುಡಿಯುವ ನೀರಿಗೇ ತತ್ವಾರವಾಯಿತು. ಕೊನೆಗೆ 1861ರಲ್ಲಿ ಚಕ್ರವರ್ತಿ ಎರಡನೇ ಪೆಡ್ರೊನ ಸರಕಾರ ಮತ್ತೆ ಕಾಡು ಬೆಳೆಸಲು ಆಜ್ಞೆ ಮಾಡಿತು. ಮೇಜರ್ ಆರ್ಚರ್ ಎಂಬವರ ಉಸ್ತುವಾರಿಯಲ್ಲಿ ಬೆರಳೆಣಿಕೆಯ ಗುಲಾಮರು ಸುಮಾರು 13 ವರ್ಷಗಳಲ್ಲಿ ಲಕ್ಷದಷ್ಟು ಸಸಿ ನೆಟ್ಟರು. ಕಾಫಿಗಾಗಿ ಕಡಿದದ್ದೂ ಗುಲಾಮರ ಕೈ, ಕಾಡು ಕಟ್ಟಿದ್ದೂ ಗುಲಾಮರ ಕೈ. ಆ ದೇಶದಲ್ಲಿ ಗುಲಾಮಗಿರಿ ರದ್ದಾದದ್ದು 1888ರಲ್ಲಿ.

ಬಂಧುಗಳೇ, ಸೆರಾಡೊ ಸಮತಟ್ಟು ನೆಲ. ನಮ್ಮದು ಮುಂಗಾರಿನ ಜಡಿಮಳೆ ಹೊಡೆಯುವ ಇಳಿಜಾರು. ಬಿಸಿಲು ಬಿದ್ದ ಅರೇಬಿಕ ಗಿಡವನ್ನು ಹುಡುಕಿ ಬರುವ ಬಿಳಿ ಕಾಂಡಕೊರಕದ ಕಾಟ ಅವರಿಗಿಲ್ಲ, ನಮಗಿದೆ. ನಮ್ಮ ಮೆಣಸಿನ ಬಳ್ಳಿಗೂ ಮರವೇ ಆಸರೆ. ಹೊತ್ತಿಗೆ ಸರಿಯಾಗಿ ಮರಗಸಿ ಮಾಡಿ ಬೆಳಕು ಬಿಡೋಣ. ಬುಡಕ್ಕೆ ಕೊಡಲಿ ಹಾಕುವುದು ಬೇಡ.

ಅವರಿಂದ ಕಲಿಯಬೇಕಾದದ್ದು ಬೇರೊಂದಿದೆ. ಮಿನಾಸ್‌ನ ಗ್ವಾಶುಪೆ ಪಟ್ಟಣದ ಸಹಕಾರ ಸಂಘ 1932ರಲ್ಲಿ ನಮ್ಮ ಸೊಸೈಟಿಗಳಂತೆ ಸಾಲ ಕೊಡುವ ಸಂಘವಾಗಿ ಹುಟ್ಟಿತು; 1957ರಲ್ಲಿ ಕಾಫಿ ವ್ಯವಹಾರಕ್ಕೆ ಇಳಿಯಿತು. ಇಂದು ಅದರ ಸದಸ್ಯರಲ್ಲಿ ಬಹುಪಾಲು ಸಣ್ಣ ಹಿಡುವಳಿದಾರರು. ಅವರ ಕಾಫಿ ಒಂದೇ ಗೋದಾಮಿಗೆ ಸೇರಿ, ದರ್ಜೆಯಾಗಿ, ನೇರ ಹಡಗು ಹತ್ತುತ್ತದೆ. ನಾಲ್ಕು ಮೂಟೆಯ ಬೆಳೆಗಾರನಿಗೂ ಪರದೇಶದ ವ್ಯಾಪಾರಿಯ ಮುಂದೆ ಬಲ ಬರುವುದು ಹೀಗೆ. ಮರ ತೆಗೆಯುವ ಯೋಚನೆ ಬಿಟ್ಟು, ಇದನ್ನು ನಮ್ಮಲ್ಲಿ ಮಾಡುವ ಬಗೆಯನ್ನು ಮುಂದಿನ ಸಭೆಯಲ್ಲಿ ಕೂತು ಮಾತನಾಡೋಣ.