ಮಂಡಿ ಮೊಹಲ್ಲಾದಲ್ಲಿ ಬೆನ್ನುನೋವಿನ ಕ್ಲಿನಿಕ್: 500 ಚದರಡಿಯ ಲೆಕ್ಕ

ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಅಂದರೆ ಊರಿನವರ ಬಾಯಲ್ಲಿ ಮಿಷನ್ ಆಸ್ಪತ್ರೆ, 1906ರಿಂದ ಮೈಸೂರಿನ ಮಂಡಿ ಮೊಹಲ್ಲಾದಲ್ಲಿದೆ. ಕೆ.ಆರ್. ಆಸ್ಪತ್ರೆಯೂ ದೂರವಿಲ್ಲ. ಇಂಥ ಕಡೆ ಕೈರೋಪ್ರಾಕ್ಟಿಕ್, ಅಂದರೆ ಬೆನ್ನುಮೂಳೆಗೆ ಕೈಯಿಂದ ಚಿಕಿತ್ಸೆ ಕೊಡುವ ಕ್ಲಿನಿಕ್ ತೆರೆಯುವವರು ಮೊದಲು ವಿಚಾರಿಸುವುದು ಚಿಕಿತ್ಸೆಯ ಟೇಬಲ್ಲಿನ ಬೆಲೆ. ಅದಕ್ಕೂ ಮುಂಚೆ ತೀರ್ಮಾನವಾಗಬೇಕಾದದ್ದು ಒಬ್ಬ ರೋಗಿಗೆ ಎಷ್ಟು ನಿಮಿಷ ಎಂಬುದು. ಬಾಡಿಗೆಯಿಂದ ತೆರಿಗೆಯವರೆಗೆ ಉಳಿದದ್ದೆಲ್ಲ ಅದರ ಹಿಂದೆಯೇ ಬರುತ್ತದೆ.

1895ರಲ್ಲಿ ಅಮೆರಿಕದ ಡ್ಯಾವೆನ್‌ಪೋರ್ಟ್‌ನಲ್ಲಿ ಡಿ.ಡಿ. ಪಾಮರ್ ಶುರುಮಾಡಿದ ಈ ಪದ್ಧತಿಗೆ ನಮ್ಮ ದೇಶದಲ್ಲಿ ಪ್ರತ್ಯೇಕ ಶಾಸನಬದ್ಧ ಪರಿಷತ್ತಿಲ್ಲ. ಹಾಗಾಗಿ ಫಿಸಿಯೋಥೆರಪಿ ಪದವಿ ಇರುವವರು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಫಿಸಿಯೋಥೆರಪಿ ಕೇಂದ್ರವಾಗಿ ನೋಂದಾಯಿಸಿಕೊಳ್ಳುವುದು ನೇರ ದಾರಿ. ಈ ನೋಂದಣಿ 5 ವರ್ಷ ನಡೆಯುತ್ತದೆ. ಪಾಲಿಕೆಯ ಟ್ರೇಡ್ ಲೈಸೆನ್ಸ್, ಕಾರ್ಮಿಕ ಇಲಾಖೆಯ ನೋಂದಣಿ ಬೇರೆ. ಇನ್ನು ಕಲಿಕೆ. ವಿಶ್ವ ಆರೋಗ್ಯ ಸಂಸ್ಥೆ 2005ರ ಮಾರ್ಗಸೂಚಿಯಲ್ಲಿ ಪೂರ್ಣ ತರಬೇತಿಗೆ ಕನಿಷ್ಠ 4,200 ಗಂಟೆ ಹೇಳಿದೆ. ಅದರಲ್ಲಿ 1,000 ಗಂಟೆ ಹಿರಿಯರ ಕಣ್ಗಾವಲಿನಲ್ಲಿ ರೋಗಿಗಳನ್ನು ನೋಡುವುದಕ್ಕೆ. ಶನಿವಾರ, ಭಾನುವಾರದ 16 ಗಂಟೆಯ ಶಿಬಿರ ಮುಗಿಸಿ ಕುತ್ತಿಗೆಗೆ ಕೈ ಹಾಕುವವರು ಈ ಅಂಕಿಯನ್ನು ಗೋಡೆಗೆ ಅಂಟಿಸಿಕೊಳ್ಳಬೇಕು. ಕುತ್ತಿಗೆ ತಿರುಗಿಸುವಾಗ ಮಿದುಳಿಗೆ ಹೋಗುವ ರಕ್ತನಾಳ ಸೀಳಿ ಪಾರ್ಶ್ವವಾಯು ಆದ ಪ್ರಕರಣಗಳು ವಿರಳ, ಆದರೆ ಇವೆ.

ಜಾಗ 500 ಚದರಡಿ ಎಂದಿಟ್ಟುಕೊಳ್ಳೋಣ. 10x12 ಅಡಿಯ ಎರಡು ಚಿಕಿತ್ಸಾ ಕೋಣೆಗೆ 240, ಕಾಯುವವರಿಗೆ 160, ಶೌಚಾಲಯಕ್ಕೆ 40, ಕೈತೊಳೆಯುವ ಜಾಗ ಮತ್ತು ಓಡಾಟಕ್ಕೆ 60. ಇಷ್ಟಕ್ಕೇ ಮುಗಿಯಿತು. ಎಕ್ಸ್‌ರೇ ಯಂತ್ರ ಇಡುವ ಆಸೆಯಿದ್ದರೆ ಅಣುಶಕ್ತಿ ನಿಯಂತ್ರಣ ಮಂಡಳಿ ಕೇಳುವ ಕೋಣೆಯೇ 18 ಚದರ ಮೀಟರ್, ಅಂದರೆ 194 ಚದರಡಿ. ಬಾಡಿಗೆಯ ಶೇ. 39 ಅದೊಂದಕ್ಕೇ ಹೋಗುತ್ತದೆ. ಸುತ್ತ ಇಷ್ಟು ಆಸ್ಪತ್ರೆಗಳಿರುವಾಗ ಅದು ಬೇಡ. ಆ ಹಣವನ್ನು ಬಾಗಿಲಿಗೆ ಹಾಕಿ. ಒಂದೂವರೆ ಅಡಿ ಎತ್ತರದ ಜಗುಲಿಗೆ 1:12ರ ಇಳಿಜಾರು ಕಟ್ಟಲು 18 ಅಡಿ ಉದ್ದ ಬೇಕು. ಹಳೆಯ ಬೀದಿಯಲ್ಲಿ ಅಷ್ಟು ಜಾಗ ಸಿಗುವುದು ಅಪರೂಪ. ಸೊಂಟ ಹಿಡಿದುಕೊಂಡು ಬರುವವರಿಗೆ ಮೆಟ್ಟಿಲಿಲ್ಲದ ಮಳಿಗೆಯನ್ನೇ ಹುಡುಕಬೇಕು, ಬಾಡಿಗೆ ಸ್ವಲ್ಪ ಹೆಚ್ಚಾದರೂ ಸರಿ.

ಇಲ್ಲಿಂದ ಮುಂದಿನ ಬೆಲೆಗಳು ನನ್ನ ಅಂದಾಜು. ನಿಮ್ಮ ಮಳಿಗೆಗೆ ತಕ್ಕಂತೆ ತಿದ್ದಿಕೊಳ್ಳಿ. ತಿಂಗಳ ಬಾಡಿಗೆ ₹20,000, ಹತ್ತು ತಿಂಗಳ ಅಡ್ವಾನ್ಸ್ ₹2,00,000. ಗೋಡೆ, ನಲ್ಲಿ, ವೈರಿಂಗ್, ಶೌಚಾಲಯ ₹2,50,000. ಒಂದು ಡ್ರಾಪ್ ಟೇಬಲ್ (ಒತ್ತಿದಾಗ ಭಾಗಗಳು ತುಸು ಕೆಳಗಿಳಿಯುವಂಥದ್ದು), ಒಂದು ಸಾದಾ ಟೇಬಲ್ ಸೇರಿ ₹1,50,000. ಕುರ್ಚಿ, ಕಂಪ್ಯೂಟರ್, ಯುಪಿಎಸ್ ₹1,00,000. ಲೈಸೆನ್ಸ್, ಬೋರ್ಡು ₹40,000. ಬಾಡಿಗೆ, ಇಬ್ಬರ ಸಂಬಳ, ಕರೆಂಟು, ಹಾಸುಬಟ್ಟೆ, ವಿಮೆ ಸೇರಿ ತಿಂಗಳ ಖರ್ಚು ₹60,000. ಮೂರು ತಿಂಗಳಿಗೆ ಕೈಯಲ್ಲಿರಬೇಕಾದದ್ದು ₹1,80,000. ಒಟ್ಟು ₹9,20,000. ಇದರಲ್ಲಿ ಟೇಬಲ್ಲಿನ ಪಾಲು ಆರನೇ ಒಂದರಷ್ಟೇ.

ನಡೆಸುವವರ ಸ್ವಂತ ಸಂಪಾದನೆ ₹40,000 ಸೇರಿಸಿದರೆ ತಿಂಗಳಿಗೆ ₹1,00,000 ಬರಬೇಕು. 25 ದಿನದ ಕೆಲಸಕ್ಕೆ ದಿನಕ್ಕೆ ₹4,000. ಒಬ್ಬರಿಗೆ ₹400ರಂತೆ 10 ರೋಗಿಗಳು. ಇಬ್ಬರು ಹೊಸಬರಿಗೆ ತಲಾ 60 ನಿಮಿಷ, ಎಂಟು ಹಳಬರಿಗೆ ತಲಾ 30 ನಿಮಿಷ ಕೊಟ್ಟರೆ 6 ಗಂಟೆ. ಕೈ ಸೋಲುವುದಿಲ್ಲ.

ದಿನಕ್ಕೆ 17 ಜನರಾದರೆ? ವರ್ಷದ 300 ದಿನಕ್ಕೆ ₹20,40,000. ಸೇವೆಗಳಿಗೆ ಜಿಎಸ್‌ಟಿ ನೋಂದಣಿಯ ಮಿತಿ ₹20,00,000. ಆರೋಗ್ಯಸೇವೆಗೆ ತೆರಿಗೆ ವಿನಾಯಿತಿ ಇರುವುದು ದೇಶದಲ್ಲಿ ಮಾನ್ಯವಾದ ಚಿಕಿತ್ಸಾ ಪದ್ಧತಿಗಳಿಗೆ. ಬರೀ ಕೈರೋಪ್ರಾಕ್ಟಿಕ್ ಹೆಸರಿನಲ್ಲಿ ರಸೀದಿ ಹರಿದರೆ ಶೇ. 18ರ ಪ್ರಶ್ನೆ ಏಳುತ್ತದೆ, ₹400ಕ್ಕೆ ₹72. ಆ 17ರಲ್ಲಿ ಮೂವರು ಹೊಸಬರಿದ್ದರೆ ಕೆಲಸ 10 ಗಂಟೆ. ಆಗ ನಿಮಿಷ ಕಡಿತ ಶುರುವಾಗುತ್ತದೆ, ಮೊದಲು ಬಲಿಯಾಗುವುದು ಹೊಸಬರ 60 ನಿಮಿಷ. ರಾತ್ರಿ ಎಬ್ಬಿಸುವ ನೋವು, ಜ್ವರ, ಕಾರಣವಿಲ್ಲದೆ ಇಳಿದ ತೂಕ, ಮೂತ್ರದ ಹಿಡಿತ ತಪ್ಪಿರುವುದು ಇವನ್ನೆಲ್ಲ ಕೇಳಿ ತಿಳಿಯುವುದು ಆ ಹೊತ್ತಿನಲ್ಲೇ. ಇಂಥವರನ್ನು ಟೇಬಲ್ಲಿಗೆ ಹತ್ತಿಸದೆ ಅವತ್ತೇ ಆಸ್ಪತ್ರೆಗೆ ಕಳಿಸಬೇಕು. ಹನ್ನೊಂದನೆಯವರು ಬಂದರೆ ಮರುದಿನದ ಹೊತ್ತು ಕೊಡಿ. ಜನ ಹೆಚ್ಚಿದರೆ ಇನ್ನೊಬ್ಬ ಫಿಸಿಯೋಥೆರಪಿಸ್ಟರನ್ನು ಸೇರಿಸಿಕೊಳ್ಳಿ, ಎರಡನೇ ಕೋಣೆ ಇರುವುದೇ ಅದಕ್ಕೆ.

ಕೊನೆಯದಾಗಿ, ಬಾಡಿಗೆ ಓಡತೊಡಗುವುದು ಕರಾರಿಗೆ ಸಹಿ ಬಿದ್ದ ದಿನದಿಂದ. ರೋಗಿ ಬರುವುದು ನೋಂದಣಿ ಕೈಸೇರಿದ ಮೇಲೆ. ನಡುವೆ ಹೋಗುವ ಪ್ರತಿ ತಿಂಗಳೂ ₹20,000 ಕರಗುತ್ತದೆ. ಮಾಲೀಕರ ಹತ್ತಿರ ಮೊದಲ ಎರಡು ತಿಂಗಳ ಬಾಡಿಗೆ ಬಿಡಿಸಿಕೊಳ್ಳುವ ಮಾತನ್ನು ಅಡ್ವಾನ್ಸ್ ಕೊಡುವ ಮುಂಚೆಯೇ ಆಡಿ, ಕರಾರಿನಲ್ಲಿ ಬರೆಸಿಕೊಳ್ಳಿ.